ಒಂದೇ 1.2 ಮೀಟರ್, ಎರಡು ಬೇರೆ ಕಡಲು: ದಿನದ ಅಲೆ, ಗಾಳಿ, ಉಬ್ಬರ ನೋಡುವುದು ಹೇಗೆ?

ನೊರೆಸಾಲು:
ಆ್ಯಪ್‌ನಲ್ಲಿ ಎರಡು ದಿನವೂ ಅಲೆ 1.2 ಮೀಟರ್ ಎಂದೇ ತೋರಿಸುತ್ತದೆ. ಒಂದು ದಿನ ಮಕ್ಕಳೂ ಆಡುವಷ್ಟು ಶಾಂತ ನೀರು, ಇನ್ನೊಂದು ದಿನ ಸೊಂಟದ ಆಳದಲ್ಲೇ ಕಾಲು ಕಿತ್ತೆಳೆಯುವ ಅಲೆ. ಗಾಳಿ ಎರಡೂ ದಿನ ಹೆಚ್ಚೇನಿಲ್ಲ. ಹಾಗಾದರೆ ಬೆಳಗ್ಗೆ ಹೊರಡುವ ಮುಂಚೆ ಯಾವ ಅಂಕಿ ನೋಡಬೇಕು, ಯಾವುದನ್ನು ಮೊದಲು ನೋಡಬೇಕು? ಸರ್ಫ್ ಮಾಡುವವರಿಗೂ ಬರೀ ಈಜುವವರಿಗೂ ಲೆಕ್ಕ ಒಂದೇನಾ? ಗೊತ್ತಿರುವವರು ಬಿಡಿಸಿ ಹೇಳಿ.

ಅಲೆಲೆಕ್ಕ:
ಎತ್ತರದ ಪಕ್ಕದಲ್ಲಿ ಸೆಕೆಂಡುಗಳಲ್ಲಿ ಒಂದು ಅಂಕಿ ಇರುತ್ತದಲ್ಲ, ಉತ್ತರ ಅಲ್ಲಿದೆ. ಅದು ಪೀರಿಯಡ್. ಒಂದು ಅಲೆಯ ನೆತ್ತಿ ದಾಟಿದ ಮೇಲೆ ಮುಂದಿನ ನೆತ್ತಿ ಬರುವ ತನಕ ಹಿಡಿಯುವ ಹೊತ್ತು.

7 ಸೆಕೆಂಡಿನ 1.2 ಮೀಟರ್ ಅಲೆ ಹತ್ತಿರದಲ್ಲೇ ಬೀಸಿದ ಗಾಳಿ ಎಬ್ಬಿಸಿದ್ದು. 14 ಸೆಕೆಂಡಿನ 1.2 ಮೀಟರ್ ಅಲೆ ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿಯ ಸ್ವೆಲ್, ಅಂದರೆ ದೂರದಿಂದ ಸಾಗಿ ಬಂದ ಅಲೆ. ಅಲೆ ಹೊತ್ತು ತರುವ ಶಕ್ತಿ ಎತ್ತರದ ವರ್ಗಕ್ಕೂ ಪೀರಿಯಡ್‌ಗೂ ಅನುಪಾತದಲ್ಲಿರುವುದರಿಂದ ಎರಡನೆಯದರಲ್ಲಿ ಶಕ್ತಿ ಎರಡರಷ್ಟು. ದಡದಲ್ಲಿ ಒಡೆಯುವಾಗಿನ ಎತ್ತರವೂ ಬೇರೆಯಾಗುತ್ತದೆ. ಅಲೆ ನೇರವಾಗಿ ದಡಕ್ಕೆ ಬರುತ್ತಿದೆ ಎಂದಿಟ್ಟುಕೊಂಡು, ಕೋಮರ್ ಮತ್ತು ಗೌಘನ್ ಎಂಬ ಸಂಶೋಧಕರ ಸೂತ್ರ ಹಾಕಿದರೆ 7 ಸೆಕೆಂಡಿನದು ಸುಮಾರು 1.55 ಮೀಟರಿಗೆ ಒಡೆಯುತ್ತದೆ, 14 ಸೆಕೆಂಡಿನದು ಸುಮಾರು 2.05 ಮೀಟರಿಗೆ. ಅರ್ಧ ಮೀಟರ್ ವ್ಯತ್ಯಾಸ, ಅದೂ ಹಿಂದೆ ಎರಡರಷ್ಟು ನೂಕುಬಲ ಇಟ್ಟುಕೊಂಡು.

ಕಾರಣ ತಳದಲ್ಲಿದೆ. ಆಳದ ನೀರಿನಲ್ಲಿ ಅಲೆಯುದ್ದ ಪೀರಿಯಡ್‌ನ ವರ್ಗದ 1.56 ಪಟ್ಟು ಮೀಟರ್. ಅದರ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ತಳ ತಾಕಲು ಶುರು. 7 ಸೆಕೆಂಡಿನ ಅಲೆಗೆ ಅದು 38 ಮೀಟರ್ ಆಳ, 14 ಸೆಕೆಂಡಿನದಕ್ಕೆ 153 ಮೀಟರ್. ಅಂದರೆ ಉದ್ದ ಪೀರಿಯಡ್‌ನ ಅಲೆ ಬಹಳ ದೂರದಿಂದಲೇ ತಳದ ಏರಿಳಿತಕ್ಕೆ ತಕ್ಕಂತೆ ಬಾಗುತ್ತಾ ಬರುತ್ತದೆ. ಎಲ್ಲಿ ತಳ ಉಬ್ಬಿದೆಯೋ ಅಲ್ಲಿಗೆ ಶಕ್ತಿ ಒಟ್ಟುಗೂಡುತ್ತದೆ. ಅಕ್ಕಪಕ್ಕದ ಎರಡು ಬೀಚ್‌ಗಳಲ್ಲಿ ಒಂದೇ ದಿನ ಅಲೆ ಅಷ್ಟು ಬೇರೆ ಇರುವುದಕ್ಕೆ ಅರ್ಧ ಕಾರಣ ಇದೇ.

ಉದ್ದ ಸ್ವೆಲ್ ಬಗ್ಗೆ ಇನ್ನೊಂದು ಮಾತು. ಅಲೆಗಳ ಗುಂಪು ಆಳದಲ್ಲಿ ಸೆಕೆಂಡಿಗೆ ಪೀರಿಯಡ್‌ನ 0.78 ಪಟ್ಟು ಮೀಟರ್ ಸಾಗುತ್ತದೆ. ಬಿರುಗಾಳಿ 4000 ಕಿಲೋಮೀಟರ್ ದೂರದಲ್ಲಿದ್ದರೆ 18 ಸೆಕೆಂಡಿನ ಅಲೆ ಮೂರೂಕಾಲು ದಿನದಲ್ಲಿ ಬರುತ್ತದೆ, 14 ಸೆಕೆಂಡಿನದು ನಾಲ್ಕೂಕಾಲು ದಿನಕ್ಕೆ, 10 ಸೆಕೆಂಡಿನದು ಆರು ದಿನಕ್ಕೆ. ಹಾಗಾಗಿ ಹೊಸ ಸ್ವೆಲ್ ಬರುವಾಗ ಮೊದಲು ಕಾಣುವುದು ‘0.4 ಮೀಟರ್, 18 ಸೆಕೆಂಡು’ ಎಂಬಂಥ ಪುಟ್ಟ ಸಾಲು. ಎತ್ತರ ಮಾತ್ರ ನೋಡುವವರು ಅದನ್ನು ದಾಟಿಬಿಡುತ್ತಾರೆ. ಮರುದಿನ ಕಡಲು ಎದ್ದಿರುತ್ತದೆ. ಸಾಗರ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಅವರ ತಂಡ 1963ರಲ್ಲಿ ದಕ್ಷಿಣ ಮಹಾಸಾಗರದ ಬಿರುಗಾಳಿಗಳ ಸ್ವೆಲ್ ಅನ್ನು ನ್ಯೂಜಿಲೆಂಡಿನಿಂದ ಅಲಾಸ್ಕದ ತನಕ ಬೆನ್ನತ್ತಿ ಅಳೆದದ್ದು ಹೀಗೆ ಮುಂದೆ ಬರುವ ಉದ್ದ ಅಲೆಗಳ ಜಾಡು ಹಿಡಿದೇ.

ಮರಳುದಿಬ್ಬ:
ಅಲೆಲೆಕ್ಕ ಅವರು ಹೇಳಿದ್ದು ಸರಿ, ಆದರೆ ಆ ‘1.2’ ಏನು ಎಂಬುದನ್ನೂ ತಿಳಿದಿರಬೇಕು. ಅದು ಅತಿ ದೊಡ್ಡ ಅಲೆಯಲ್ಲ. ಬರುವ ಅಲೆಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲನ್ನು ತೆಗೆದುಕೊಂಡು ಅವುಗಳ ಸರಾಸರಿ. ನೂರರಲ್ಲಿ ಒಂದು ಅಲೆ ಅದರ ಒಂದೂವರೆ ಪಟ್ಟು ಇರುತ್ತದೆ, ಸಾವಿರದಲ್ಲಿ ಒಂದು 1.86 ಪಟ್ಟು. 10 ಸೆಕೆಂಡಿನ ಪೀರಿಯಡ್‌ನಲ್ಲಿ ಸಾವಿರ ಅಲೆ ಬರಲು ಎರಡು ಮುಕ್ಕಾಲು ಗಂಟೆ ಸಾಕು. ಆ್ಯಪ್ 1.5 ಎಂದ ದಿನ ಬೆಳಗಿನ ಹೊತ್ತು ಬಂಡೆ ಮೇಲೆ ಕೂತವರಿಗೆ 2.8 ಮೀಟರಿನ ಒಂದು ಅಲೆ ಬಂದರೆ ಅದು ಅಚ್ಚರಿಯಲ್ಲ, ಲೆಕ್ಕದಲ್ಲಿರುವುದೇ.

ಇನ್ನೊಂದು ಎಡವಟ್ಟು: ಮೇಲ್ಗಡೆ ದಪ್ಪಕ್ಷರದಲ್ಲಿ ಬರುವುದು ಹೆಚ್ಚಾಗಿ ಎಲ್ಲ ಅಲೆ ಸೇರಿದ ಒಟ್ಟು ಎತ್ತರ. ಅದನ್ನು ಕೂಡಿಸುವುದು ನೇರ ಸಂಕಲನದಿಂದಲ್ಲ, ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದು. 13 ಸೆಕೆಂಡಿನ 1.2 ಮೀಟರ್ ಸ್ವೆಲ್, 5 ಸೆಕೆಂಡಿನ 0.9 ಮೀಟರ್ ಗಾಳಿ ಅಲೆ, ಎರಡೂ ಸೇರಿದರೆ 1.5. ಬರೀ ಗಾಳಿ ಅಲೆಯೇ 1.5 ಇದ್ದರೂ ಮೇಲಿನ ಅಂಕಿ ಅದೇ. ಆದ್ದರಿಂದ ಸ್ವೆಲ್ 1, ಸ್ವೆಲ್ 2, ಗಾಳಿ ಅಲೆ ಎಂದು ಬಿಡಿಸಿ ತೋರಿಸುವ ಪುಟವನ್ನೇ ತೆರೆಯಿರಿ. ಪೀರಿಯಡ್‌ನಲ್ಲೂ ಎರಡು ಬಗೆ: ಪೀಕ್ (ಅತಿ ಹೆಚ್ಚು ಶಕ್ತಿ ಇರುವ ಅಲೆಗಳದು) ಮತ್ತು ಸರಾಸರಿ. ಒಂದೇ ಕಡಲಿಗೆ ಒಂದು ಜಾಲತಾಣ 13 ಎಂದರೆ ಇನ್ನೊಂದು 8 ಎನ್ನಬಹುದು. ಎರಡೂ ತಪ್ಪಲ್ಲ, ಅಳತೆ ಬೇರೆ.

ನೆಲಗಾಳಿ:
ಗಾಳಿಯನ್ನು ಯಾರೂ ಮುಟ್ಟಲಿಲ್ಲ. ನನ್ನ ಪ್ರಕಾರ ಸರ್ಫ್‌ಗೆ ಹೋಗುವವರು ಪೀರಿಯಡ್ ಆದ ತಕ್ಷಣ ನೋಡಬೇಕಾದ್ದು ಅದನ್ನೇ.

ಮೊದಲು ಅಳತೆಯ ಗೊಂದಲ. 10 ಎಂದು ಕಂಡರೆ ಅದು ಯಾವುದರಲ್ಲಿ? ಸೆಕೆಂಡಿಗೆ 10 ಮೀಟರ್ ಅಂದರೆ ಗಂಟೆಗೆ 36 ಕಿಲೋಮೀಟರ್, ಕಡಲಿನವರು ಬಳಸುವ ವೇಗದ ಅಳತೆ ನಾಟ್‌ನಲ್ಲಿ 19ಕ್ಕಿಂತ ಹೆಚ್ಚು. ಗಂಟೆಗೆ 10 ಕಿಲೋಮೀಟರ್ ಅಂದರೆ 5.4 ನಾಟ್, ಎಲೆ ಅಲ್ಲಾಡುವಷ್ಟು. ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲವನ್ನೂ ನಾಟ್‌ಗೆ ಇಟ್ಟುಬಿಡಿ, ತಲೆನೋವು ಮುಗಿಯುತ್ತದೆ. ಬಿಳಿ ನೊರೆ ಅಲ್ಲಲ್ಲಿ ಕಾಣತೊಡಗುವುದು 7ರಿಂದ 10 ನಾಟ್‌ಗೆ, ಎಲ್ಲೆಡೆ ಕಾಣುವುದು 11ರಿಂದ 16ಕ್ಕೆ. ಗಾಳಿಯ ಬಲ ಹೇಳುವ ಬ್ಯೂಫೋರ್ಟ್ ಮಾಪಕದ 3 ಮತ್ತು 4 ಅಂದರೆ ಅವೇ.

ಆಮೇಲೆ ದಿಕ್ಕು. ಗಾಳಿಗೆ ಕೊಡುವ ಡಿಗ್ರಿ ಅದು ಎಲ್ಲಿಂದ ಬರುತ್ತಿದೆ ಎಂಬುದು. ನಿಮ್ಮ ಬೀಚ್ ಯಾವ ದಿಕ್ಕಿಗೆ ಮುಖಮಾಡಿದೆ ಎಂದು ಒಮ್ಮೆ ಅಳೆದಿಟ್ಟುಕೊಳ್ಳಿ: ಮ್ಯಾಪ್‌ನಲ್ಲಿ ದಡದ ಗೆರೆಗೆ ಲಂಬವಾಗಿ ಕಡಲಿನ ಕಡೆಗೆ ಒಂದು ಗೆರೆ ಎಳೆದು ಅದರ ಡಿಗ್ರಿ ಓದಿ. 250 ಬಂತು ಅಂದುಕೊಳ್ಳಿ. 250ರ ಆಸುಪಾಸಿನ ಗಾಳಿ ಕಡಲಿಂದ ದಡಕ್ಕೆ, ಅಂದರೆ ಆನ್‌ಶೋರ್. ಅದರಿಂದ 180 ಕಳೆದರೆ 70. ಆ 70ರ ಎರಡೂ ಬದಿಗೆ 45 ಡಿಗ್ರಿ ತನಕ ದಡದಿಂದ ಕಡಲಿಗೆ, ಅಂದರೆ ಆಫ್‌ಶೋರ್ ಎಂದು ಹಿಡಿಯಬಹುದು. ಉಳಿದದ್ದು ಅಡ್ಡಗಾಳಿ. ಆಫ್‌ಶೋರ್ ಗಾಳಿ ಅಲೆಯ ಮುಖವನ್ನು ನೆಟ್ಟಗೆ ನಿಲ್ಲಿಸುತ್ತದೆ. ಆನ್‌ಶೋರ್ ಗಾಳಿ 10 ನಾಟ್ ದಾಟಿದರೆ ಅಲೆಯನ್ನು ಹೊತ್ತಿಗೆ ಮುಂಚೆಯೇ ಒಡೆದು ನೀರನ್ನು ಕದಡುತ್ತದೆ.

ಬೆಳಗಿನ ಜಾವದ ನೆಲಗಾಳಿ ಬಿಸಿಲೇರಿದಂತೆ ಸತ್ತು, ಹತ್ತು-ಹನ್ನೊಂದರ ಹೊತ್ತಿಗೆ ಸಮುದ್ರಗಾಳಿ ಶುರುವಾಗಿ ಮಧ್ಯಾಹ್ನ ಮೂರರ ಆಸುಪಾಸಿನಲ್ಲಿ ಜೋರಾಗುವುದು ಬಿಸಿಲಿನ ದಿನಗಳ ವಾಡಿಕೆ. ಇಡೀ ಜಗತ್ತಿನ ಹವಾಮಾನವನ್ನು ಚೌಕಗಳಾಗಿ ಬಿಡಿಸಿ ಲೆಕ್ಕ ಹಾಕುವ ದೊಡ್ಡ ಕಂಪ್ಯೂಟರ್ ಮಾಡೆಲ್‌ಗಳು ಇದನ್ನು ಸಾಮಾನ್ಯವಾಗಿ ಕಡಿಮೆ ತೋರಿಸುತ್ತವೆ, ಅವುಗಳ ಚೌಕದೊಳಗೆ ನೆಲ-ನೀರಿನ ಗಡಿ ಮಸುಕಾಗಿರುವುದೇ ಕಾರಣ. ಬೆಳಗ್ಗೆ 5 ನಾಟ್, ಮಧ್ಯಾಹ್ನ 8 ಎಂದು ತೋರಿಸಿದರೆ ಮಧ್ಯಾಹ್ನಕ್ಕೆ 12 ಎಂದೇ ಎಣಿಸಿ.

ಈಜುವವರಿಗೆ, ರಬ್ಬರ್ ತೇಲುಹಾಸಿಗೆ ಅಥವಾ ಪ್ಯಾಡಲ್ ಬೋರ್ಡ್ ಹಿಡಿದು ಹೋಗುವವರಿಗೆ ಮಾತ್ರ ಇದು ತಿರುಗುಮುರುಗು. ಆಫ್‌ಶೋರ್ ಗಾಳಿಯ ದಿನ ದಡದ ಬಳಿ ನೀರು ಕನ್ನಡಿಯ ಹಾಗಿರುತ್ತದೆ, ಮರ-ಕಟ್ಟಡದ ಮರೆ ಇರುವುದರಿಂದ. ನೂರು ಮೀಟರ್ ಹೋದಮೇಲೆ ಗಾಳಿ ಹಿಡಿದು ಹೊರಗೆ ತಳ್ಳುತ್ತದೆ, ವಾಪಸು ಹುಟ್ಟು ಹಾಕಲು ಆಗುವುದಿಲ್ಲ. ಕಿತ್ತಳೆ ಬಣ್ಣದ ಗಾಳಿಚೀಲ ಏರಿಸಿದ್ದರೆ ಅದರ ಅರ್ಥ ಇದೇ: ಗಾಳಿ ತುಂಬಿದ ಯಾವುದನ್ನೂ ನೀರಿಗೆ ಇಳಿಸಬೇಡಿ.

ನೊರೆಸಾಲು:
ತುಂಬಾ ಉಪಕಾರ. ಸ್ವೆಲ್ ದಿಕ್ಕನ್ನೂ ‘ಎಲ್ಲಿಂದ’ ಎಂದೇ ಓದಬೇಕೆ? ಕೆಲವು ಕಡೆ ಬಾಣದ ಗುರುತು ಉಲ್ಟಾ ಕಾಣುತ್ತದೆ. ಮತ್ತೆ, ಉಬ್ಬರ 1.1 ಮೀಟರ್ ಎಂದಿದ್ದರೆ ನೀರು 1.1 ಮೀಟರ್ ಆಳ ಎಂದೇ?

ಉಬ್ಬರಪಟ್ಟಿ:
ಡಿಗ್ರಿ ‘ಎಲ್ಲಿಂದ’, ಬಾಣ ‘ಎಲ್ಲಿಗೆ’. ಬಹುತೇಕ ಕಡೆ ಹೀಗೆಯೇ, 225° ಎಂದು ಬರೆದು ಬಾಣವನ್ನು ಈಶಾನ್ಯಕ್ಕೆ ತಿರುಗಿಸಿರುತ್ತಾರೆ. ಅನುಮಾನವಿದ್ದರೆ ಅದೇ ಪುಟದ ಗಾಳಿ ಬಾಣವನ್ನೂ ಅದರ ಡಿಗ್ರಿಯನ್ನೂ ಹೋಲಿಸಿ ನೋಡಿ.

ಉಬ್ಬರದ 1.1 ಮೀಟರ್ ಆಳವಲ್ಲ. ನಕ್ಷೆಗೆಂದು ಗೊತ್ತುಮಾಡಿದ ಒಂದು ಕೆಳಮಟ್ಟದಿಂದ ನೀರು ಎಷ್ಟು ಮೇಲಿದೆ ಎಂಬ ಅಳತೆ. ನಿಮ್ಮ ಬೀಚ್‌ನ ನೀರಿನೊಳಗಿನ ಮರಳುದಿಬ್ಬದ ಮೇಲೆ ಎಷ್ಟು ನೀರಿದೆ ಎಂದು ತಿಳಿಯಲು ಒಂದು ಇಳಿತದಲ್ಲಿ ಅಲ್ಲಿನ ಆಳ ನೋಡಿ, ಏರಿದಷ್ಟನ್ನು ಕೂಡಿಸಿಕೊಳ್ಳಬೇಕು. ಇದು ಯಾಕೆ ಮುಖ್ಯ ಅಂದರೆ, ಅಲೆ ತನ್ನ ಎತ್ತರದ ಸುಮಾರು 1.3 ಪಟ್ಟು ಆಳದಲ್ಲಿ ಒಡೆಯುತ್ತದೆ. 1.5 ಮೀಟರಿನ ಅಲೆಗೆ 1.9 ಮೀಟರ್ ಆಳ ಬೇಕು. ದಿಬ್ಬದ ಮೇಲೆ ಇಳಿತದಲ್ಲಿ 1.2 ಮೀಟರ್ ನೀರಿದ್ದರೆ ಅಲೆ ದಿಬ್ಬದ ಹೊರಗೇ ಒಡೆದು, ಉದ್ದಕ್ಕೆ ನೊರೆಯಾಗಿ ಬರುತ್ತದೆ. ಅದೇ ದಿಬ್ಬದ ಮೇಲೆ ಉಬ್ಬರದಲ್ಲಿ 3 ಮೀಟರ್ ನೀರು ನಿಂತರೆ ಅಲೆ ಒಡೆಯದೆ ದಾಟಿ ಬಂದು, ದಡದ ಇಳಿಜಾರಿನಲ್ಲಿ ಒಮ್ಮೆಲೇ ಬೀಳುತ್ತದೆ. ಕತ್ತು, ಭುಜಕ್ಕೆ ಪೆಟ್ಟಾಗುವುದು ಇಂಥ ದಡದಲೆಯಲ್ಲಿ, ಮೊಣಕಾಲು ಆಳದ ನೀರಿನಲ್ಲಿ. ನೀವು ಕೇಳಿದ ‘ಎರಡು ದಿನ’ಗಳ ವ್ಯತ್ಯಾಸದಲ್ಲಿ ಉಬ್ಬರದ ಪಾಲೂ ಇರಬಹುದು, ಎರಡೂ ದಿನ ಹೋದ ಗಂಟೆ ಒಂದೇ ಆಗಿದ್ದರೂ. ದಿನಕ್ಕೆ ಎರಡು ಉಬ್ಬರ ಬರುವ ಕಡೆ ಅದು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಒಂದು ವಾರದಲ್ಲಿ ಬೆಳಗಿನ ಏಳರ ಉಬ್ಬರ ಬೆಳಗಿನ ಏಳರ ಇಳಿತವಾಗಿರುತ್ತದೆ.

ಏರುವ ವೇಗವೂ ಒಂದೇ ಸಮ ಇಲ್ಲ. ಆರು ಗಂಟೆಯಲ್ಲಿ 1.8 ಮೀಟರ್ ಏರಬೇಕಾದರೆ ಮೊದಲ ಗಂಟೆ 15 ಸೆಂಟಿಮೀಟರ್, ಎರಡನೆಯದು 30, ಮೂರು ಮತ್ತು ನಾಲ್ಕನೆಯದು 45ರಂತೆ, ಐದನೆಯದು 30, ಕೊನೆಗೆ 15. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಬಂದಿರುತ್ತದೆ. ಬಂಡೆ ಸುತ್ತಿ ಪಕ್ಕದ ಕೊಲ್ಲಿಗೆ ನಡೆದು ಹೋದವರು ಸಿಕ್ಕಿಬೀಳುವುದು ಆಗಲೇ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಈ ಏರಿಳಿತ ಹೆಚ್ಚು.

ಪಟ್ಟಿಯಲ್ಲಿರುವುದು ಸೂರ್ಯ-ಚಂದ್ರರ ಲೆಕ್ಕ ಮಾತ್ರ, ಹವಾಮಾನ ಅದರಲ್ಲಿ ಸೇರಿಲ್ಲ. ವಾಯುಭಾರ 1 ಹೆಕ್ಟೋಪಾಸ್ಕಲ್ ಇಳಿದರೆ ನೀರು ಸುಮಾರು 1 ಸೆಂಟಿಮೀಟರ್ ಏರುತ್ತದೆ. ಚಂಡಮಾರುತ ಹತ್ತಿರ ಇದ್ದಾಗ ಗಾಳಿ ನೂಕುವ ನೀರು ಅದಕ್ಕೆ ಮತ್ತೂ ಕೂಡುತ್ತದೆ.

ಕಡಲಹಕ್ಕಿ:
ಇಷ್ಟೆಲ್ಲ ಅಂಕಿ ಎಲ್ಲಿಂದ ಬರುತ್ತವೆ ಎಂಬುದಕ್ಕೂ ಒಂದು ಮಾತು ಇರಲಿ. ಮೂರು ಆ್ಯಪ್ ಒಂದೇ ಹೇಳಿದರೆ ಮೂರು ಸಾಕ್ಷಿ ಸಿಕ್ಕಿತು ಎಂದುಕೊಳ್ಳಬೇಡಿ. ಅನೇಕ ಆ್ಯಪ್‌ಗಳು ಅಮೆರಿಕದ ನೋವಾ ಸಂಸ್ಥೆಯ ಜಿಎಫ್‌ಎಸ್ ಗಾಳಿ ಮತ್ತು ವೇವ್‌ವಾಚ್ ಅಲೆ ಮಾಡೆಲನ್ನೇ ಬೇರೆ ಬೇರೆ ಬಣ್ಣದಲ್ಲಿ ತೋರಿಸುತ್ತವೆ. ಹೋಲಿಸಬೇಕಾದರೆ ಯುರೋಪಿನ ಇಸಿಎಮ್‌ಡಬ್ಲ್ಯುಎಫ್ ಮಾಡೆಲನ್ನು ಪಕ್ಕದಲ್ಲಿಟ್ಟು ನೋಡಿ. ಎರಡೂ ಒಪ್ಪಿದರೆ ನಂಬಿಕೆ ಹೆಚ್ಚು. ಒಪ್ಪದಿದ್ದರೆ ಯೋಜನೆ ಹಗುರವಾಗಿರಲಿ.

ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) 00, 06, 12, 18ಕ್ಕೆ ಓಡುತ್ತದೆ. ಫಲಿತಾಂಶ ಕೈಗೆ ಬರುವುದು ಕೆಲವು ಗಂಟೆ ತಡವಾಗಿ. ಹಾಗಾಗಿ ‘ಈಗ’ ಎಂದು ಕಾಣುವುದೂ ಮುನ್ಸೂಚನೆಯೇ, ಅಳತೆಯಲ್ಲ. ಅಳತೆ ಬೇಕಾದರೆ ಕಡಲಲ್ಲಿ ಲಂಗರು ಹಾಕಿ ತೇಲಿಬಿಟ್ಟ ಬೋಯ್‌ಗಳ ದತ್ತಾಂಶ ನೋಡಬೇಕು. ನೋವಾ, ಹೈದರಾಬಾದಿನ ಇನ್‌ಕಾಯಿಸ್ ಮುಂತಾದ ಸಂಸ್ಥೆಗಳು ಅದನ್ನು ಪ್ರಕಟಿಸುತ್ತವೆ. ಬೋಯ್ ನಿಮ್ಮ ಬೀಚ್‌ಗಿಂತ 60 ಕಿಲೋಮೀಟರ್ ಮುಂದಿದ್ದು, ಸ್ವೆಲ್ ಆ ಕಡೆಯಿಂದಲೇ ಬರುತ್ತಿದ್ದರೆ 14 ಸೆಕೆಂಡಿನ ಅಲೆಗೆ ಒಂದೂವರೆ ಗಂಟೆಯ ದಾರಿ. ಅಷ್ಟು ಮುಂಚೆ ನಿಮಗೆ ಸುದ್ದಿ ಸಿಕ್ಕಿದ ಹಾಗೆ. ಸಮಯ ಯುಟಿಸಿಯಲ್ಲಿದೆಯೇ ಸ್ಥಳೀಯವೇ ಎಂದು ನೋಡದೆ ಓದಿದರೆ ಎಲ್ಲ ಉಲ್ಟಾ.

ವೆಬ್‌ಕ್ಯಾಮ್ ಇದ್ದರೆ ಮೊದಲು ಮೂಲೆಯ ಸಮಯ ನೋಡಿ, ಚಿತ್ರ ನಿಂತುಹೋಗಿರಬಹುದು. ಎತ್ತರದ ಕಂಬದಿಂದ ನೋಡುವ ಕ್ಯಾಮೆರಾ ಅಲೆಯನ್ನು ಚಪ್ಪಟೆ ಮಾಡಿ ತೋರಿಸುತ್ತದೆ. ಅಲೆಯ ಪಕ್ಕದಲ್ಲಿ ಮನುಷ್ಯ ಕಾಣುವ ತನಕ ಎತ್ತರ ಊಹಿಸಬೇಡಿ.

ಮತ್ತೆ ಈ ನಕ್ಷತ್ರ, ಹಸಿರು-ಕೆಂಪು ಬಣ್ಣದ ರೇಟಿಂಗ್. ಅವು ಸರ್ಫ್ ಮಾಡುವವರ ಖುಷಿಗೆ ಕೊಟ್ಟ ಅಂಕ. ಐದು ನಕ್ಷತ್ರದ ದಿನವೇ ಈಜುವವರು ದಡದಲ್ಲಿರಬೇಕಾದ ದಿನ.

ಮರಳುದಿಬ್ಬ:
ಆ ಕೊನೆಯ ಮಾತನ್ನು ಎಲ್ಲರೂ ಎರಡು ಸಲ ಓದಿ.

ದಡಕ್ಕೆ ಬಂದಮೇಲೆ ಮಾಡಬೇಕಾದ್ದನ್ನು ಬರೆಯುತ್ತೇನೆ, ಯಾಕೆಂದರೆ ಪರದೆ ನೋಡಿ ಬಂದವರು ನೇರ ನೀರಿಗೆ ಓಡುತ್ತಾರೆ. ಎತ್ತರದ ಜಾಗದಲ್ಲಿ ನಿಂತು 20 ನಿಮಿಷ ನೋಡಬೇಕು. ಐದು ನಿಮಿಷ ಸಾಲದು. ಉದ್ದ ಪೀರಿಯಡ್‌ನ ಸ್ವೆಲ್ ಗುಂಪು ಗುಂಪಾಗಿ ಬರುತ್ತದೆ, ಅದನ್ನೇ ಸೆಟ್ ಎನ್ನುವುದು. ಎರಡು ಸೆಟ್‌ಗಳ ನಡುವೆ ಹತ್ತು-ಹದಿನೈದು ನಿಮಿಷ ಕಡಲು ತೆಪ್ಪಗಿರುವುದುಂಟು.

ಪೀರಿಯಡ್ ನೀವೇ ಅಳೆಯಿರಿ. ಒಂದು ಬಂಡೆಯನ್ನೋ ತೇಲುವ ಗುರುತನ್ನೋ ಹಿಡಿದು, ಒಂದು ನೆತ್ತಿ ಅದನ್ನು ದಾಟಿದಾಗ ಸ್ಟಾಪ್‌ವಾಚ್ ಒತ್ತಿ ‘ಸೊನ್ನೆ’ ಎಂದು ಎಣಿಸಿ. ‘ಹತ್ತು’ ಬಂದಾಗ ನಿಲ್ಲಿಸಿ, ಹತ್ತರಿಂದ ಭಾಗಿಸಿ. ‘ಒಂದು’ ಎಂದು ಶುರುಮಾಡಿದರೆ ಒಂಬತ್ತೇ ಅಲೆ ಅಳೆದಂತಾಗಿ ಪೀರಿಯಡ್ ಕಡಿಮೆ ಬರುತ್ತದೆ. ಎತ್ತರಕ್ಕೆ: ಒಡೆಯುವ ಅಲೆಯ ನೆತ್ತಿ ದಿಗಂತದ ಗೆರೆಗೆ ಸರಿಯಾಗಿ ತಾಗಿದಂತೆ ಕಾಣುವ ತನಕ ಇಳಿಜಾರಿನಲ್ಲಿ ಮೇಲೆ ಕೆಳಗೆ ಸರಿಯಿರಿ. ಆಗ ನಿಮ್ಮ ಕಣ್ಣಿನಿಂದ, ನೀರು ಹಿಂದೆ ಸರಿದು ನಿಲ್ಲುವ ಮಟ್ಟಕ್ಕೆ ಇರುವ ಎತ್ತರವೇ ಸುಮಾರಾಗಿ ಅಲೆಯ ಎತ್ತರ.

ಇನ್ನು ಸೆಳೆತ, ರಿಪ್ ಕರೆಂಟ್. ಅಲೆ ದಿಬ್ಬದ ಮೇಲೆ ತಂದು ಹಾಕಿದ ನೀರು ವಾಪಸು ಹೋಗಲು ತಗ್ಗಾದ ಕಾಲುವೆ ಹುಡುಕುತ್ತದೆ. ಅಲ್ಲಿ ಆಳ ಹೆಚ್ಚು, ಆದ್ದರಿಂದ ಅಲೆ ಒಡೆಯುವುದಿಲ್ಲ. ಆದ್ದರಿಂದಲೇ ನೋಡುವವರಿಗೆ ಅದು ಶಾಂತ ಜಾಗ. ಎರಡೂ ಕಡೆ ಬಿಳಿ ನೊರೆ, ನಡುವೆ ಗಾಢ ಬಣ್ಣದ ಪಟ್ಟಿ, ಅದರಲ್ಲಿ ನೊರೆ-ಮರಳು-ಕಸ ಹೊರಗೆ ಸಾಗುತ್ತಿದ್ದರೆ ಅದೇ. ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರ್, ಜೋರಾದಾಗ 2 ಮೀಟರಿಗೂ ಮಿಕ್ಕುತ್ತದೆ. 2 ಮೀಟರ್ ಅಂದರೆ ಒಲಿಂಪಿಕ್ 100 ಮೀಟರ್ ಈಜುಗಾರನ ವೇಗ. ಇಳಿತದ ಹೊತ್ತಿನಲ್ಲಿ ದಿಬ್ಬ ಮೇಲೆದ್ದು ನೀರೆಲ್ಲ ಕಾಲುವೆಗೇ ಸೇರುವುದರಿಂದ ಹೆಚ್ಚಿನ ಬೀಚ್‌ಗಳಲ್ಲಿ ಆಗ ಸೆಳೆತ ಬಿರುಸು. ಸಿಕ್ಕಿಕೊಂಡರೆ ಅದರ ಎದುರು ಈಜಬೇಡಿ. ತೇಲಿ, ಕೈ ಎತ್ತಿ ಸನ್ನೆ ಮಾಡಿ, ಬಲವಿದ್ದರೆ ದಡಕ್ಕೆ ಸಮಾನಾಂತರವಾಗಿ ಬಿಳಿ ನೊರೆಯ ಕಡೆಗೆ ಸರಿಯಿರಿ. ಕೆಲವು ಸೆಳೆತ ಸುತ್ತಿ ದಿಬ್ಬಕ್ಕೇ ತಂದು ಬಿಡುತ್ತವೆ, ಕೆಲವು ಅಲೆಸಾಲಿನಾಚೆ ಒಯ್ಯುತ್ತವೆ. ಎಲ್ಲದಕ್ಕೂ ಒಂದೇ ಉಪಾಯ ಎಂಬುದಿಲ್ಲ, ಅದಕ್ಕೇ ಉಸಿರು ಉಳಿಸಿಕೊಳ್ಳುವುದು ಮೊದಲು.

ನೆಲಗಾಳಿ:
ಹವಾಮಾನದಲ್ಲಿ ಎರಡು ಸೇರಿಸುತ್ತೇನೆ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಅದು 10 ಕಿಲೋಮೀಟರ್ ಒಳಗಿದೆ, ನೀರು-ಮರಳು ಎರಡನ್ನೂ ಬಿಟ್ಟು ಕಟ್ಟಡಕ್ಕೋ ಮುಚ್ಚಿದ ಕಾರಿಗೋ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವ ತನಕ ವಾಪಸು ಬೇಡ. ಜೋರು ಮಳೆಯಾದ ಮೇಲೆ ಎರಡು-ಮೂರು ದಿನ ಚರಂಡಿ, ಅಳಿವೆಗಳ ಬಾಯಿಯ ಬಳಿ ಇಳಿಯಬೇಡಿ. ನೀರಿನಲ್ಲಿ ಕೊಳಚೆಯ ರೋಗಾಣು ಇರುತ್ತವೆ, ಅದನ್ನು ಯಾವ ಅಲೆ ಆ್ಯಪ್ಪೂ ತೋರಿಸುವುದಿಲ್ಲ.

ಬಾವುಟ: ಮೇಲೆ ಕೆಂಪು ಕೆಳಗೆ ಹಳದಿ ಇದ್ದರೆ ಜೀವರಕ್ಷಕರು ಕಾಯುವ ಜಾಗ, ಅಂಥ ಎರಡರ ನಡುವೆಯೇ ಈಜಿ. ಒಂಟಿ ಕೆಂಪು ಅಪಾಯ ಹೆಚ್ಚು, ಜೋಡಿ ಕೆಂಪು ನೀರೇ ಮುಚ್ಚಿದೆ. ನೇರಳೆ ಬಣ್ಣ ಅಂಬಲಿಮೀನಿನಂಥ ಕುಟುಕುವ ಜೀವಿಗಳಿಗೆ. ದೇಶದಿಂದ ದೇಶಕ್ಕೆ ಸ್ವಲ್ಪ ಬದಲಾಗುವುದರಿಂದ ಬೀಚ್ ಬಾಗಿಲಿನ ಫಲಕ ಓದಿ.

ಅಲೆಲೆಕ್ಕ:
ನೊರೆಸಾಲು ಅವರು ಕೇಳಿದ ಅನುಕ್ರಮ ನನ್ನ ಲೆಕ್ಕದಲ್ಲಿ ಹೀಗೆ. ಹಿಂದಿನ ರಾತ್ರಿ: ಎಚ್ಚರಿಕೆ ಇದೆಯೇ, ಸ್ವೆಲ್‌ಗಳ ಬಿಡಿ ಅಂಕಿ, ಉಬ್ಬರದ ಹೊತ್ತು. ಬೆಳಗ್ಗೆ: ಬೋಯ್, ಗಾಳಿ, ಮಳೆ ಮೋಡದ ರೇಡಾರ್. ದಡದಲ್ಲಿ: 20 ನಿಮಿಷ. ಈಜುವವರು ಪೀರಿಯಡ್, ಉಬ್ಬರ, ಸೆಳೆತಕ್ಕೆ ಹೆಚ್ಚು ತೂಕ ಕೊಡಲಿ, ಸರ್ಫ್‌ನವರು ದಿಕ್ಕು, ಗಾಳಿಗೆ.

ಇದರ ಜೊತೆ ಒಂದು ನೋಟ್‌ಬುಕ್ ಇಡಿ. ಎಡಗಡೆ ಮುನ್ಸೂಚನೆ, ಬಲಗಡೆ ಕಂಡದ್ದು. ಮಾಡೆಲ್‌ನ ಒಂದು ಚೌಕ ಹಲವು ಕಿಲೋಮೀಟರ್ ಅಗಲ, ನಿಮ್ಮ ಬೀಚ್‌ನ ಮುಂಚಾಚಿದ ಬಂಡೆ ಅದಕ್ಕೆ ಕಾಣುವುದಿಲ್ಲ. ಮೂವತ್ತು ಸಾಲು ಬರೆಯುವ ಹೊತ್ತಿಗೆ ‘ಈ ದಿಕ್ಕಿನ ಸ್ವೆಲ್ ನಮ್ಮಲ್ಲಿ ಅರ್ಧಕ್ಕಿಳಿಯುತ್ತದೆ, ಆ ದಿಕ್ಕಿನದು ಪೂರ್ತಿ ಬರುತ್ತದೆ’ ಎಂಬುದು ತಾನಾಗಿ ಎದ್ದು ಕಾಣುತ್ತದೆ. ಮಳೆಗಾಲ ಕಳೆದ ಮೇಲೆ, ದೊಡ್ಡ ಬಿರುಗಾಳಿ ಹೋದ ಮೇಲೆ ದಿಬ್ಬಗಳು ಜಾಗ ಬದಲಿಸುತ್ತವೆ, ಆಗ ಹೊಸ ಪುಟ ಶುರುಮಾಡಿ.

ನೊರೆಸಾಲು:
ಹೀಗೆ ಬರೆದರೆ ಸರಿಯೇ? ‘ಬೆಳಗ್ಗೆ 6.40. ಮುನ್ಸೂಚನೆ: 1.4 ಮೀಟರ್, 13 ಸೆಕೆಂಡು, 215°. ಗಾಳಿ 6 ನಾಟ್, 80°. ಉಬ್ಬರ 0.7 ಮೀಟರ್, ಏರುತ್ತಿದೆ. ಕಂಡದ್ದು: 9 ಸೆಕೆಂಡು, ಸೊಂಟದೆತ್ತರ.’ ಬೀಚ್ ಮುಖ 250, ಎಡಗಡೆ ಬಂಡೆಯ ಮೂಗು.

ಮರಳುದಿಬ್ಬ:
ಸಾಲು ಚೆನ್ನಾಗಿದೆ, ಎರಡು ಕೊರತೆ. ಮುನ್ಸೂಚನೆ ಮಾಡೆಲ್‌ನ ಯಾವ ಹೊತ್ತಿನ ಓಟದ್ದು ಎಂದು ಬರೆಯಿರಿ, ಹಿಂದಿನ ಸಂಜೆಯದಕ್ಕೂ ಬೆಳಗಿನದಕ್ಕೂ ವ್ಯತ್ಯಾಸ ಇರುತ್ತದೆ. ಆಮೇಲೆ ಆ 9 ಸೆಕೆಂಡು. 13ರ ಜಾಗದಲ್ಲಿ 9 ಬಂದರೆ, ನಡುನಡುವಿನ ಚಿಕ್ಕ ಗಾಳಿ ಅಲೆಗಳನ್ನೂ ಎಣಿಸಿರುವ ಸಾಧ್ಯತೆ ಹೆಚ್ಚು. ಹೊರಗಿನ ದಿಬ್ಬದ ಮೇಲೆ ಒಡೆಯುವ ನೆತ್ತಿಗಳನ್ನು ಮಾತ್ರ ಎಣಿಸಿ ನೋಡಿ. ಆಗ 13 ಬಂದರೆ ಸ್ವೆಲ್ ತಲುಪಿದೆ ಎಂದರ್ಥ, ಆದರೆ 35 ಡಿಗ್ರಿ ಓರೆಯಾಗಿ ಎಡಗಡೆಯಿಂದ ಬರುವುದರಿಂದ ಆ ಬಂಡೆಯ ಮರೆಯಲ್ಲಿ ಎತ್ತರ ಕಳೆದುಕೊಂಡಿದೆ. ಬೀಚ್‌ನ ಬಲತುದಿಗೆ ನಡೆದು ಅಲ್ಲೂ ಒಮ್ಮೆ ಅಳೆಯಿರಿ. ಅಲ್ಲಿ ಎದೆಯೆತ್ತರ ಸಿಕ್ಕರೆ ಬಂಡೆಯ ಲೆಕ್ಕ ಸರಿ. ಆಗ ಎರಡೂ ತುದಿಗೆ ಬೇರೆ ಬೇರೆ ಕಾಲಂ ಹಾಕಿ, ಸೆಟ್‌ಗಳ ನಡುವಿನ ನಿಮಿಷಕ್ಕೂ ಒಂದು ಕಾಲಂ.